ಆಫೀಸ್ ವಾಯ್ಸ್‌ಮೇಲ್‌ಗೆ ನಿಮ್ಮ ಕರೆ ಯಾರಿಗೆ ಅಂತ ಹೇಗೆ ಗೊತ್ತಾಗುತ್ತೆ?

ಆಫೀಸಿಗೆ ಫೋನ್ ಮಾಡ್ತೀರಿ.
ಎಕ್ಸ್‌ಟೆನ್ಶನ್ 204.
ಯಾರೂ ಎತ್ತಲ್ಲ.
"ಬೀಪ್ ಆದ ಮೇಲೆ ಮಾತಾಡಿ" ಅನ್ನುತ್ತೆ ಒಂದು ದನಿ.
ನೀವು ಕೇಳಿದ್ದು 204 ಅಂತ ಅದಕ್ಕೆ ಹೇಳಿದ್ದು ಯಾರು?

ಇಪಿಎಬಿಎಕ್ಸ್.
ಆಫೀಸಿನ ಫೋನ್‌ಗಳನ್ನೆಲ್ಲ ಜೋಡಿಸೋ ಪೆಟ್ಟಿಗೆ.

ಅನಲಾಗ್ ವ್ಯವಸ್ಥೆಯಲ್ಲಿ,
ವಾಯ್ಸ್‌ಮೇಲ್ ಕೂಡ ಅದಕ್ಕೆ ಇನ್ನೊಂದು ಎಕ್ಸ್‌ಟೆನ್ಶನ್ ಅಷ್ಟೇ.
ಅದೇ ಎರಡು ತಂತಿಯ ಲೈನು.
ನಾಲ್ಕು ಲೈನ್ ಕೊಟ್ರೆ,
ಒಂದೇ ಸಲ ನಾಲ್ಕು ಜನ ಮೆಸೇಜ್ ಬಿಡಬಹುದು.

204 ಎತ್ತದಿದ್ರೆ, ಕರೆ ವಾಯ್ಸ್‌ಮೇಲ್‌ಗೆ ಫಾರ್ವರ್ಡ್.
ಆದ್ರೆ ಬರೀ ಕರೆ ಕಳಿಸಿದ್ರೆ?
ಹೆಸರು ಬರೆಯದ ಪಾರ್ಸೆಲ್ಲನ್ನ
ಬಸ್ ಕಂಡಕ್ಟರ್ ಕೈಗೆ ಕೊಟ್ಟ ಹಾಗೆ!

ಅದಕ್ಕೇ ವಾಯ್ಸ್‌ಮೇಲ್ ಎತ್ತಿದ ತಕ್ಷಣ,
ಇಪಿಎಬಿಎಕ್ಸ್ ತಾನೇ 2, 0, 4 ಒತ್ತುತ್ತೆ.
ಕೀಪ್ಯಾಡ್ ಒತ್ತಿದಾಗ ಕೇಳಿಸುತ್ತಲ್ಲ, ಅದೇ ಟೋನು.
204ರ ಮೇಲ್‌ಬಾಕ್ಸ್ ತೆರೆಯುತ್ತೆ.

ಮೆಸೇಜ್ ಬಿದ್ದ ಮೇಲೆ ವಾಯ್ಸ್‌ಮೇಲ್ ವಾಪಸ್ ಒಂದು ಕೋಡ್ ಒತ್ತುತ್ತೆ.
204ರ ಫೋನಿನಲ್ಲಿ ದೀಪ ಹತ್ತುತ್ತೆ.

ಈಗ ಗಮನ ಇಟ್ಟು ಕೇಳಿ.
ಹೆಚ್ಚು ಕಾಟ ಕೊಡೋದು ಇದೇ.

ಕರೆ ಮಾಡಿದವರು ಫೋನ್ ಇಟ್ರು.
ವಾಯ್ಸ್‌ಮೇಲ್‌ಗೆ ಅದು ಗೊತ್ತಾಗ್ಲಿಲ್ಲ.
ಬ್ಯುಸಿ ಟೋನನ್ನೇ ರೆಕಾರ್ಡ್ ಮಾಡ್ತಾ ಕೂರುತ್ತೆ!
ಲೈನೂ ಖಾಲಿಯಾಗಲ್ಲ.

ಯಾಕೆ?
ಫೋನ್ ಇಟ್ಟಿದ್ದನ್ನ ಅದು ಗುರುತಿಸೋದು ಬ್ಯುಸಿ ಟೋನ್ ಕೇಳಿ.
ನಮ್ಮ ದೇಶದ ಬ್ಯುಸಿ ಟೋನ್
ಮುಕ್ಕಾಲು ಸೆಕೆಂಡ್ ಸದ್ದು, ಮುಕ್ಕಾಲು ಸೆಕೆಂಡ್ ಮೌನ.
ಅಮೆರಿಕದ್ದು ಅರ್ಧರ್ಧ ಸೆಕೆಂಡ್.
ಅಲ್ಲಿನ ಸೆಟ್ಟಿಂಗ್ ಹಾಗೇ ಬಿಟ್ರೆ, ಇಲ್ಲಿನ ಟೋನ್ ಗುರುತು ಸಿಗದೇ ಹೋಗಬಹುದು.

ವಾಯ್ಸ್‌ಮೇಲ್ ಜೋಡಿಸಿದ ದಿನವೇ ಮೊಬೈಲ್‌ನಿಂದ ಕರೆ ಮಾಡಿ.
ಬೀಪ್ ಆದ ಮೇಲೆ ಏನೂ ಮಾತಾಡದೆ ಇಟ್ಟುಬಿಡಿ.
ಲೈನ್ ಬಿಡುತ್ತಾ, ಇಲ್ವಾ, ನೋಡಿ.