ಹಳೆಯ ಚಿತ್ರ, ಹೊಸ ಪ್ರತಿ

(ಸಂಘದ ವಾರ್ಷಿಕ ಸಾಹಿತ್ಯ ಸಂಜೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಕಾವ್ಯವನ್ನೋ ಕಾದಂಬರಿಯನ್ನೋ ಕುರಿತು ಮಾತನಾಡುವೆನೆಂದು ನಿರೀಕ್ಷಿಸಿ ಬಂದವರು ನನ್ನನ್ನು ಕ್ಷಮಿಸಬೇಕು. ನಾನು ಇಂದು ಆರಿಸಿಕೊಂಡಿರುವ ವಿಷಯ ನಮ್ಮೆಲ್ಲರ ಮನೆಗಳ ನೆಲಮಾಳಿಗೆಯಲ್ಲಿ, ರಟ್ಟಿನ ಪೆಟ್ಟಿಗೆಗಳಲ್ಲಿ ಮಲಗಿರುವ ಹಳೆಯ ಛಾಯಾಚಿತ್ರಗಳು. ಊರಿನಿಂದ ಹೊರಡುವಾಗ ಎರಡು ಸೂಟ್‌ಕೇಸುಗಳ ನಡುವೆ, ಉಪ್ಪಿನಕಾಯಿಯ ಡಬ್ಬಿಗೂ ಸೀರೆಗಳಿಗೂ ಮಧ್ಯೆ, ಹೇಗೋ ಸೇರಿಸಿಕೊಂಡು ತಂದ ಚಿತ್ರಗಳು. ಅವನ್ನು ಮತ್ತೆ ಹೊರತೆಗೆದು, ಸರಿಪಡಿಸಿ, ಹೊಸ ಪ್ರತಿ ಮಾಡಿ ಮಕ್ಕಳಿಗೆ ಕೊಡಬೇಕೆಂಬ ಆಸೆ ಒಂದು ವಯಸ್ಸು ದಾಟಿದ ಮೇಲೆ ಎಲ್ಲರಿಗೂ ಬರುತ್ತದೆ. ನನಗೂ ಬಂದಿತು. ಅದರಿಂದ ನಾನು ಪಟ್ಟ ಪೇಚಾಟವೇ ಈ ಮಾತುಗಳಿಗೆ ಪ್ರೇರಣೆ.

ನನ್ನ ಅಜ್ಜಿಯ ಒಂದೇ ಒಂದು ಚಿತ್ರ ನಮ್ಮ ಮನೆಯಲ್ಲಿದೆ. 1938ರಲ್ಲಿ ಮದುವೆಯಾದ ಹೊಸತರಲ್ಲಿ ಹುಬ್ಬಳ್ಳಿಯ ಒಂದು ಸ್ಟುಡಿಯೋದಲ್ಲಿ ತೆಗೆಸಿದ್ದು. ನಡುವೆ ಮಡಿಕೆ ಬಿದ್ದು ಬಿರುಕು ಬಿಟ್ಟಿತ್ತು. ಒಂದು ಮೂಲೆಯನ್ನು ಹುಳು ತಿಂದಿತ್ತು. ಎರಡು ವರ್ಷಗಳ ಹಿಂದೆ ಅದನ್ನು ಇಂತಹ ಕೆಲಸವನ್ನೇ ವೃತ್ತಿಯಾಗಿಸಿಕೊಂಡ ಒಂದು ಅಂಗಡಿಗೆ ಕಳುಹಿಸಿದೆ. ಹತ್ತು ದಿನಗಳಲ್ಲಿ ಚಿತ್ರ ಹಿಂದಿರುಗಿತು. ಬಿರುಕಿಲ್ಲ, ಕಲೆಯಿಲ್ಲ, ಮೇಲಾಗಿ ಬಣ್ಣವನ್ನೂ ತುಂಬಿದ್ದರು. ಹಿಗ್ಗಿನಿಂದ ಒಂದು ಪ್ರತಿಯನ್ನು ಹಾವೇರಿಯಲ್ಲಿರುವ ಸೋದರತ್ತೆಗೆ ಕಳುಹಿಸಿದೆ. ಅವರಿಗೆ ಎಂಬತ್ತೈದು ದಾಟಿದೆ, ಕಣ್ಣು ಇನ್ನೂ ಚುರುಕು. ದೂರವಾಣಿಯಲ್ಲಿ ಅವರು ಕೇಳಿದ ಮೊದಲ ಪ್ರಶ್ನೆ: “ಯಾರ ಫೋಟೋನಪ್ಪ ಇದು?”

ಆಮೇಲೆ ಎರಡು ಚಿತ್ರಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಅಜ್ಜಿಯ ಹುಬ್ಬುಗಳ ನಡುವೆಯೂ ಗದ್ದದ ಮೇಲೂ ಇದ್ದ ಹಚ್ಚೆಯ ಬೊಟ್ಟುಗಳು ಮಾಯವಾಗಿದ್ದವು. ಮೂಗುತಿಯೂ ಇರಲಿಲ್ಲ. ಯಂತ್ರ ಅವನ್ನೆಲ್ಲ ಧೂಳು, ಕಲೆ ಎಂದು ಬಗೆದು ಒರೆಸಿಹಾಕಿತ್ತು. ಮುಖವನ್ನು ನುಣುಪುಗೊಳಿಸುವ ಭರದಲ್ಲಿ ಕೆನ್ನೆಯ ಏರಿಳಿತವನ್ನೂ ಬದಲಿಸಿತ್ತು. ಚಿತ್ರ ಸುಂದರವಾಗಿತ್ತು, ಅಜ್ಜಿ ಮಾತ್ರ ಅದರಲ್ಲಿರಲಿಲ್ಲ.

ಹಾಗಾದರೆ ಹಳೆಯದನ್ನು ಮುಟ್ಟಲೇಬಾರದೆ? ಹಾಗೆ ಹೇಳುವವರಿದ್ದಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ನನ್ನ ಸಮರ್ಥನೆಗೆ ಈ ದೇಶದ ಒಬ್ಬ ಮಹಾನ್ ಛಾಯಾಗ್ರಾಹಕನನ್ನೇ ಕರೆತರುತ್ತೇನೆ.

ಆನ್ಸೆಲ್ ಆಡಮ್ಸ್ ಅವರ ಹೆಸರನ್ನು ತಾವು ಕೇಳಿರಬಹುದು. ಯೊಸೆಮಿಟಿಯ ಬಂಡೆಗಳನ್ನು ಕಪ್ಪು-ಬಿಳುಪಿನಲ್ಲಿ ಅಮರಗೊಳಿಸಿದವರು. 1941ರ ಶರತ್ಕಾಲದಲ್ಲಿ ಅವರು ನ್ಯೂ ಮೆಕ್ಸಿಕೋದ ಹರ್ನಾಂಡಿಸ್ ಎಂಬ ಹಳ್ಳಿಯ ಪಕ್ಕದ ಹೆದ್ದಾರಿಯಲ್ಲಿ ಬರುತ್ತಿದ್ದರು. ಸಂಜೆಯಾಗಿತ್ತು. ಮೂಡಲಲ್ಲಿ ಹಿಮ ಹೊದ್ದ ಬೆಟ್ಟಗಳ ಮೇಲೆ ಚಂದ್ರ ಏರಿದ್ದ. ಪಡುವಲಿನಿಂದ ಬಂದ ಕೊನೆಯ ಬಿಸಿಲು ಇಗರ್ಜಿಯ ಸ್ಮಶಾನದ ಬಿಳಿಯ ಶಿಲುಬೆಗಳ ಮೇಲೆ ಬಿದ್ದಿತ್ತು. ಗಾಡಿ ನಿಲ್ಲಿಸಿ ದೊಡ್ಡ ಕ್ಯಾಮೆರಾವನ್ನು ಅಣಿಗೊಳಿಸಿದರು. ಬೆಳಕನ್ನಳೆಯುವ ಮಾಪಕ ಮಾತ್ರ ಕೈಗೆ ಸಿಗಲಿಲ್ಲ. ಚಂದ್ರನ ಹೊಳಪಿನ ಅಳತೆ ಅವರಿಗೆ ಬಾಯಿಪಾಠವಾಗಿತ್ತು. ಅದರ ಆಧಾರದ ಮೇಲೆ ಮನಸ್ಸಿನಲ್ಲೇ ಲೆಕ್ಕ ಹಾಕಿ ಒಂದು ಚಿತ್ರ ತೆಗೆದರು. ಎರಡನೆಯದಕ್ಕೆ ಸಿದ್ಧರಾಗುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಆರಿಹೋಯಿತು.

ಆ ಒಂದೇ ನೆಗೆಟಿವ್‌ನಿಂದ ಮುಂದಿನ ದಶಕಗಳಲ್ಲಿ ಅವರು ಸುಮಾರು 1,300 ಪ್ರತಿಗಳನ್ನು ತಯಾರಿಸಿದರೆಂದು ಲೆಕ್ಕ. ಅವು ಒಂದರಂತೆ ಒಂದಿಲ್ಲ ಎಂಬುದೇ ಸ್ವಾರಸ್ಯ. ಮೊದಮೊದಲಿನ ಪ್ರತಿಗಳಲ್ಲಿ ಆಕಾಶ ಬೂದು ಬಣ್ಣದ್ದು, ಅದರಲ್ಲಿ ಎಳೆಎಳೆಯಾದ ಮೋಡಗಳು ಕಾಣುತ್ತವೆ. ಕಡೆಗಾಲದ ಪ್ರತಿಗಳಲ್ಲಿ ಆಕಾಶ ಹೆಚ್ಚುಕಡಿಮೆ ಕಾಡಿಗೆಗಪ್ಪು, ಚಂದ್ರನೊಬ್ಬನೇ ಜಗಜಗಿಸುತ್ತಾನೆ. ನೆಗೆಟಿವ್‌ನ ಕೆಳಭಾಗ ತೀರ ತೆಳುವಾಗಿದ್ದುದರಿಂದ 1948ರಲ್ಲಿ ಅದನ್ನು ರಾಸಾಯನಿಕ ದ್ರಾವಣದಲ್ಲಿ ಅದ್ದಿ ಗಾಢಗೊಳಿಸಿದರು. ಇದ್ದ ಒಂದೇ ನೆಗೆಟಿವ್. ಕೈ ತಪ್ಪಿದ್ದರೆ ಅದೂ ಇಲ್ಲ. ತಮ್ಮದೇ ಕೃತಿಯೊಡನೆ ಹೀಗೆ ಮತ್ತೆ ಮತ್ತೆ ಗುದ್ದಾಡುವುದು ಅವರಿಗೆ ತಪ್ಪೆನಿಸಲಿಲ್ಲ. ತರುಣರಾಗಿದ್ದಾಗ ಪಿಯಾನೊ ಕಲಿತವರು ಅವರು. ನೆಗೆಟಿವ್ ಎಂಬುದು ವಾಗ್ಗೇಯಕಾರ ಬರೆದಿಟ್ಟ ಸ್ವರಲಿಪಿ, ಪ್ರತಿ ಎಂಬುದು ಅದರ ಕಚೇರಿ ಎಂಬರ್ಥದ ಮಾತನ್ನು ಅವರು ಹೇಳುತ್ತಿದ್ದರು. ನಮಗಂತೂ ಇದು ಸುಲಭವಾಗಿ ಅರ್ಥವಾಗುವ ಹೋಲಿಕೆ: ಒಂದೇ ಕೀರ್ತನೆಯನ್ನು ಒಬ್ಬರೇ ವಿದ್ವಾಂಸರು ಮೂವತ್ತನೆಯ ವಯಸ್ಸಿನಲ್ಲೊಂದು ಬಗೆಯಾಗಿ, ಅರುವತ್ತರಲ್ಲಿ ಇನ್ನೊಂದು ಬಗೆಯಾಗಿ ಹಾಡುವುದನ್ನು ಕೇಳಿದವರಲ್ಲವೆ ನಾವು?

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಆಡಮ್ಸ್ ಅವರ ದ್ರಾವಣ ನೆಗೆಟಿವ್‌ನಲ್ಲಿ ಆಗಲೇ ಇದ್ದ ಬೆಳ್ಳಿಯ ಕಣಗಳನ್ನು ಗಾಢಗೊಳಿಸಿತು. ಅಲ್ಲಿಲ್ಲದ ಒಂದು ಶಿಲುಬೆಯನ್ನೂ ಸೇರಿಸಲಿಲ್ಲ. ನನ್ನ ಅಜ್ಜಿಗೆ ಆದದ್ದು ಅದಲ್ಲ. ಇಂದಿನ ಕೃತಕ ಬುದ್ಧಿಮತ್ತೆಯ ಯಂತ್ರಗಳು ಮಸುಕಾದ ಮುಖವನ್ನು ಸ್ಪಷ್ಟಗೊಳಿಸುವಾಗ, ತಾವು ಮೊದಲೇ ನೋಡಿ ಕಲಿತ ಲಕ್ಷಗಟ್ಟಲೆ ಮುಖಗಳ ಬಲದಿಂದ ಇಲ್ಲಿ ಹೀಗೆ ಇದ್ದೀತು ಎಂದು ಊಹಿಸಿ ಬರೆಯುತ್ತವೆ. ಆ ಲಕ್ಷಗಳಲ್ಲಿ ಹಚ್ಚೆ ಹಾಕಿಸಿಕೊಂಡ ಹಾವೇರಿ ಸೀಮೆಯ ಹೆಂಗಸರು ಎಷ್ಟು ಮಂದಿ ಇದ್ದಾರು!

ಈ ಭೇದವನ್ನು ನಮ್ಮ ಪಂಡಿತರು ಚೆನ್ನಾಗಿ ಬಲ್ಲವರು. ಹುಳು ತಿಂದ ಓಲೆಗರಿಗಳಿಂದ ಹಳಗನ್ನಡ ಕಾವ್ಯಗಳನ್ನು ಉಳಿಸಿಕೊಟ್ಟ ಸಂಪಾದಕರ ಪದ್ಧತಿಯನ್ನು ನೆನೆಯಿರಿ, ಡಿ. ಎಲ್. ನರಸಿಂಹಾಚಾರ್ಯರು ಈ ಶಾಸ್ತ್ರವನ್ನು ಕುರಿತೇ ‘ಕನ್ನಡ ಗ್ರಂಥಸಂಪಾದನೆ’ ಎಂಬ ದೊಡ್ಡ ಗ್ರಂಥವನ್ನು ಬರೆದಿದ್ದಾರೆ. ಅಕ್ಷರ ಲೋಪವಾದೆಡೆ ಸಂಪಾದಕ ಚುಕ್ಕೆಗಳನ್ನಿಟ್ಟು ಬಿಡುತ್ತಾನೆ. ಊಹಿಸಿ ತುಂಬಿದರೆ ಅದನ್ನು ಕಂಸದೊಳಗಿಟ್ಟು, ಇದು ನನ್ನ ಊಹೆ ಎಂದು ತೋರಿಸುತ್ತಾನೆ. ಬೇರೆ ಪ್ರತಿಗಳ ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕೊಡುತ್ತಾನೆ. ಮೂಲದ ಓಲೆಯನ್ನಂತೂ ಯಾರೂ ಕೆರೆದು ತಿದ್ದುವುದಿಲ್ಲ. ಛಾಯಾಚಿತ್ರಗಳ ವಿಷಯದಲ್ಲಿಯೂ ಇದಕ್ಕಿಂತ ಒಳ್ಳೆಯ ಕಟ್ಟಳೆಯನ್ನು ನಾನು ಕಾಣೆ.

ಇನ್ನು ಕೆಲಸದ ಮಾತಿಗೆ ಬರೋಣ. ನಮ್ಮ ಪೆಟ್ಟಿಗೆಗಳಲ್ಲಿ ಅತ್ಯಂತ ಅಪಾಯದಲ್ಲಿರುವುದು ಅಜ್ಜ ಅಜ್ಜಿಯರ ಕಪ್ಪು-ಬಿಳುಪು ಚಿತ್ರಗಳಲ್ಲ; ನಮ್ಮದೇ ಮದುವೆಯ, ಇಲ್ಲಿಗೆ ಬಂದ ಹೊಸತರ ಬಣ್ಣದ ಚಿತ್ರಗಳು. ಕಪ್ಪು-ಬಿಳುಪು ಚಿತ್ರ ಬೆಳ್ಳಿಯಿಂದ ಆದದ್ದು. ಸ್ಟುಡಿಯೋದವರು ಕೊನೆಯಲ್ಲಿ ಸರಿಯಾಗಿ ನೀರಿನಲ್ಲಿ ತೊಳೆದಿದ್ದರೆ ನೂರು ವರ್ಷ ನಿಂತೀತು. ಬಣ್ಣದ ಚಿತ್ರದಲ್ಲಿ ಕಡೆಗೆ ಬೆಳ್ಳಿ ಉಳಿಯುವುದಿಲ್ಲ. ಇರುವುದು ಹಸಿರುನೀಲಿ, ಕೆನ್ನೇರಳೆ, ಹಳದಿ ಎಂಬ ಮೂರು ವರ್ಣದ್ರವ್ಯಗಳು ಮಾತ್ರ. 1960-70ರ ದಶಕಗಳ ಕಾಗದಗಳಲ್ಲಿ ಹಸಿರುನೀಲಿ ಬಹು ದುರ್ಬಲ. ಕತ್ತಲೆಯಲ್ಲಿ, ಆಲ್ಬಮ್ಮಿನೊಳಗಿದ್ದರೂ ಮೆಲ್ಲಗೆ ಕರಗಿಹೋಗುತ್ತದೆ. ಆ ಕಾಲದ ಮದುವೆಯ ಚಿತ್ರಗಳಲ್ಲಿ ವಧೂವರರು, ಪುರೋಹಿತರು, ಹೋಮದ ಹೊಗೆ ಎಲ್ಲವೂ ಇಂದು ಕೆಂಪಗೆ ಕಾಣುವುದು ಈ ಕಾರಣದಿಂದ. ಗೋಡೆಗೆ ತೂಗುಹಾಕಿದ್ದಾದರೆ ಬೆಳಕಿಗೆ ಕೆನ್ನೇರಳೆ ಸೋತು ಚಿತ್ರ ನೀಲಿಗೆ ತಿರುಗುತ್ತದೆ. ತಂಪಾದ, ಒಣಗಿದ ಜಾಗದಲ್ಲಿಟ್ಟರೆ ಇದೆಲ್ಲ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಕೊಡಕ್ರೋಮ್ ಸ್ಲೈಡುಗಳು ಮಾತ್ರ ಇದಕ್ಕೆ ಅಪವಾದ. ಅವು ಕತ್ತಲೆಯಲ್ಲಿ ಬಹುಕಾಲ ಬಾಳುತ್ತವೆ, ಆದರೆ ಪ್ರೊಜೆಕ್ಟರಿನ ದೀಪಕ್ಕೆ ಹೆದರುತ್ತವೆ. ಬಂದವರಿಗೆಲ್ಲ ನಯಾಗರ ತೋರಿಸಿ ತೋರಿಸಿ ಸವೆಸಿದವರು ನಮ್ಮಲ್ಲೂ ಇದ್ದಾರೆ.

ಸಂತೋಷದ ಸಂಗತಿಯೆಂದರೆ, ಸೋತ ಬಣ್ಣ ಪೂರ್ತಿ ಅಳಿದಿರುವುದು ಅಪರೂಪ. ಸ್ಕ್ಯಾನ್ ಮಾಡಿದ ಮೇಲೆ ಮೂರು ವರ್ಣಗಳನ್ನೂ ಬೇರೆಬೇರೆಯಾಗಿ ತೆಗೆದುಕೊಂಡು, ಸೊರಗಿದ್ದನ್ನು ಹಿಗ್ಗಿಸಿದರೆ ಹಸಿರು ಬಾಳೆಯೆಲೆ ಮತ್ತೆ ಹಸಿರಾಗಿ ಕಾಣುತ್ತದೆ. ಇದು ಆಡಮ್ಸ್ ಅವರ ದ್ರಾವಣದ ಜಾತಿಯ ಕೆಲಸ: ಉಳಿದಿರುವುದನ್ನೇ ಎತ್ತಿ ತೋರಿಸುವುದು. ಆದಕಾರಣ ತಡಮಾಡಬಾರದು. ಇಂದು ಉಳಿದಿರುವ ಎಳೆ ಹತ್ತು ವರ್ಷಗಳ ಅನಂತರ ಉಳಿದೀತೆಂಬ ಭರವಸೆಯಿಲ್ಲ.

ಸ್ಕ್ಯಾನ್ ಮಾಡುವಾಗ ಅಂಗುಲಕ್ಕೆ 600 ಚುಕ್ಕೆಗಳಿರಲಿ. ತೀರ ಚಿಕ್ಕ ಚಿತ್ರವಾದರೆ 1,200. ನೆಗೆಟಿವ್ ಸಿಕ್ಕಿದರೆ ಪ್ರತಿಯನ್ನು ಬದಿಗಿಟ್ಟು ಅದನ್ನೇ ಹಿಡಿಯಿರಿ. ಪ್ರತಿಯಲ್ಲಿ ಕಾಣದ ವಿವರ ಅದರಲ್ಲಿರುತ್ತದೆ. ಮೊದಲ ಸ್ಕ್ಯಾನನ್ನು ಟಿಫ್ ರೂಪದಲ್ಲಿ, ಒಂದು ಚುಕ್ಕೆಯನ್ನೂ ತಿದ್ದದೆ, ಎರಡು ಬೇರೆಬೇರೆ ಕಡೆ ಇಡಿ. ಅದೇ ನಮ್ಮ ಓಲೆಗರಿ. ತಿದ್ದುವುದೆಲ್ಲ ನಕಲಿನಲ್ಲಿ. ಧೂಳನ್ನು ತಾನಾಗಿಯೇ ತೆಗೆಯುವ ಸೌಲಭ್ಯವನ್ನು ಕಪ್ಪು-ಬಿಳುಪಿನ ನೆಗೆಟಿವ್‌ಗಳಿಗೆ ಬಳಸಬೇಡಿ. ಅದು ನೆಚ್ಚುವ ಅವಕೆಂಪು ಕಿರಣಗಳನ್ನು ಬೆಳ್ಳಿ ತಡೆಯುವುದರಿಂದ ಚಿತ್ರವನ್ನೇ ಧೂಳೆಂದು ತಿಳಿಯುತ್ತದೆ. ಅಂಟುಹಾಳೆಯ ಆಲ್ಬಮ್ಮುಗಳು ಚಿತ್ರಗಳಿಗೆ ವಿಷ. ಹಿಡಿದುಕೊಂಡ ಚಿತ್ರವನ್ನು ಕೀಳಲು ಹೋಗದೆ ಹಲ್ಲು ಶುಚಿಗೊಳಿಸುವ ದಾರವನ್ನು ಅಡಿಯಲ್ಲಿ ಮೆಲ್ಲಗೆ ಎಳೆದು ಬಿಡಿಸಬಹುದು. ಬೂಷ್ಟು ಹಿಡಿದಿದ್ದರೆ ಒದ್ದೆಬಟ್ಟೆಯಿಂದ ಒರೆಸಬೇಡಿ, ಚಿತ್ರವೇ ಬಟ್ಟೆಗೆ ಬಂದೀತು. ಬೆನ್ನಿನ ಮೇಲಿನ ಬರೆಹವನ್ನೂ ಸ್ಟುಡಿಯೋದ ಮುದ್ರೆಯನ್ನೂ ತಪ್ಪದೆ ಸ್ಕ್ಯಾನ್ ಮಾಡಬೇಕು. ಎಷ್ಟೋ ಸಲ ಮುಖಕ್ಕಿಂತ ಬೆನ್ನೇ ಹೆಚ್ಚು ಹೇಳುತ್ತದೆ.

ಬಣ್ಣ ತುಂಬುವುದರ ವಿಷಯವಾಗಿ ನನಗೆ ಮಡಿವಂತಿಕೆಯೇನೂ ಇಲ್ಲ. ನಮ್ಮ ಹಳೆಯ ಸ್ಟುಡಿಯೋಗಳಲ್ಲಿ ನೆಗೆಟಿವ್ ಮೇಲೆ ಸೀಸದ ಕಡ್ಡಿಯಿಂದ ಮುಖ ತಿದ್ದುತ್ತಿದ್ದರು, ಪ್ರತಿಯ ಮೇಲೆ ಕುಂಚದಿಂದ ಸೀರೆಗೆ ಬಣ್ಣ ಬಳಿಯುತ್ತಿದ್ದರು. ಮೂಲವೇ ಪೂರ್ತಿ ಮುಗ್ಧವಲ್ಲ. ರಾಜ್‌ಕುಮಾರ್ ಅವರ 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿಯೂ, 1971ರ ‘ಕಸ್ತೂರಿ ನಿವಾಸ’ 2014ರಲ್ಲಿಯೂ ಬಣ್ಣ ತಳೆದು ಮತ್ತೆ ತೆರೆಗೆ ಬಂದವು. ಹೊಸ ತಲೆಮಾರು ಅವನ್ನು ನೋಡಿತು. ನನ್ನ ಮನಸ್ಸು ಕಪ್ಪು-ಬಿಳುಪಿನ ‘ಕಸ್ತೂರಿ ನಿವಾಸ’ದ ಕಡೆಗೇ ವಾಲುತ್ತದೆ, ಆದರೆ ಅದು ಉಳಿದಿರುವವರೆಗೆ ಬಣ್ಣದ್ದರ ಮೇಲೆ ನನಗೆ ಸಿಟ್ಟಿಲ್ಲ.

ಆದರೂ ಬಣ್ಣ ಯಾವುದೆಂದು ಯಂತ್ರಕ್ಕೆ ತಿಳಿಯುವುದು ಹೇಗೆ? ಹಿಂದಿನ ಕಾಲದಲ್ಲಿ ಹೆಚ್ಚಾಗಿ ಬಳಕೆಯಲ್ಲಿದ್ದ ಒಂದು ಬಗೆಯ ಫಿಲ್ಮು, ಆರ್ಥೋಕ್ರೊಮ್ಯಾಟಿಕ್ ಎಂಬುದು, ಕೆಂಪಿಗೆ ಕುರುಡು. ಅದರಲ್ಲಿ ಕೆಂಪು ಕಪ್ಪಾಗಿಯೂ ನೀಲಿ ಬೆಳ್ಳಗೂ ಮೂಡುತ್ತವೆ. ಹಳೆಯ ಚಿತ್ರಗಳಲ್ಲಿ ಹಣೆಯ ಕುಂಕುಮ ಕಪ್ಪಾಗಿ, ಆಕಾಶ ಬರಿದಾಗಿ ಕಾಣುವುದಕ್ಕೆ ಇದೇ ಕಾರಣ. ಈ ಗುಟ್ಟನ್ನು ಅರಿಯದ ಯಂತ್ರ ನನ್ನ ಅಜ್ಜಿಯ ಕಪ್ಪು ಸೀರೆಗೆ ಕಾಫಿಪುಡಿಯ ಬಣ್ಣ ಕೊಟ್ಟಿತ್ತು. ಅತ್ತೆ ನಕ್ಕುಬಿಟ್ಟರು. ಹೊಸ ಮದುಮಗಳು ಅಂಥ ಸೀರೆ ಉಡುವುದುಂಟೆ? ಅದು ದಾಳಿಂಬೆಯ ಕೆಂಪು, ಅಂಚು ಹಸಿರು. ತಾವು ಚಿಕ್ಕವರಿದ್ದಾಗ ಪೆಟ್ಟಿಗೆಯಿಂದ ತೆಗೆತೆಗೆದು ನೋಡುತ್ತಿದ್ದ ಸೀರೆ ಎಂದರು. ಇಂತಹ ಸಾಕ್ಷಿ ಯಾವ ಯಂತ್ರದಲ್ಲಿಯೂ ಇಲ್ಲ; ಅದಿರುವುದು ಎಂಬತ್ತು ದಾಟಿದ ಕೆಲವರಲ್ಲಿ. ಅವರಿಗೆ ಫೋನು ಮಾಡುವ ಮೊದಲು ಸ್ಕ್ಯಾನರ್ ಕೊಳ್ಳಲು ಹೋಗಬೇಡಿ.

ಅಜ್ಜಿಯ ಚಿತ್ರವನ್ನು ಈಗ ಮೊದಲಿನಿಂದ ನಾನೇ ಮಾಡುತ್ತಿದ್ದೇನೆ. ಬಿರುಕನ್ನು ಮುಚ್ಚಿದ್ದೇನೆ; ಹಚ್ಚೆಯನ್ನೂ ಮೂಗುತಿಯನ್ನೂ ಮುಟ್ಟಿಲ್ಲ; ಹುಳು ತಿಂದ ಮೂಲೆಯನ್ನು ಹಾಗೆಯೇ ಬಿಟ್ಟಿದ್ದೇನೆ. ಬಣ್ಣದ ಪ್ರತಿಗೆ ಇನ್ನೂ ಕೈ ಹಾಕಿಲ್ಲ. ಆ ಸೀರೆ ಹರಿದ ಮೇಲೆ ಅದರ ತುಂಡುಗಳನ್ನು ಒಂದು ಕೌದಿಗೆ ಸೇರಿಸಿ ಹೊಲಿದಿದ್ದರಂತೆ. ಕೌದಿ ಇನ್ನೂ ಊರಿನ ಅಟ್ಟದಲ್ಲಿದೆಯಂತೆ. ದೀಪಾವಳಿಗೆ ಊರಿಗೆ ಹೋಗುವ ಸೋದರಳಿಯ ಅದನ್ನು ಹುಡುಕಿ, ಹಗಲು ಬೆಳಕಿನಲ್ಲಿ, ಪಕ್ಕಕ್ಕೊಂದು ಬಿಳಿಯ ಹಾಳೆಯಿಟ್ಟು ಚಿತ್ರ ತೆಗೆದು ಕಳುಹಿಸುವೆನೆಂದು ಮಾತು ಕೊಟ್ಟಿದ್ದಾನೆ.