ಉಪ್ಪು, ಹಳಿ ಮತ್ತು ದೂಧ್‌ಸಾಗರ

ಕರ್ನಾಟಕ–ಗೋವಾ ಗಡಿಯ ಸಹ್ಯಾದ್ರಿ ಕಮರಿಯಲ್ಲಿ ಸುಮಾರು 310 ಮೀಟರ್ ಎತ್ತರದಿಂದ ನಾಲ್ಕು ಹಂತಗಳಲ್ಲಿ ಧುಮುಕುವ ದೂಧ್‌ಸಾಗರ ಜಲಪಾತವನ್ನು ನಾಡಿನ ಜನರ ಕಣ್ಣಿಗೆ ತಂದದ್ದು ಪ್ರವಾಸಿಗರಿಗಾಗಿ ಮಾಡಿದ ದಾರಿಯಲ್ಲ, ಸರಕಿಗಾಗಿ ಹಾಸಿದ ಹಳಿ. 1878ರ ಡಿಸೆಂಬರಿನಲ್ಲಿ ಬ್ರಿಟನ್ ಮತ್ತು ಪೋರ್ಚುಗಲ್ ಸಹಿ ಹಾಕಿದ ಒಪ್ಪಂದವು ಗೋವಾದ ಉಪ್ಪಿನ ಉತ್ಪಾದನೆಯನ್ನು ಬ್ರಿಟಿಷರ ಹಿಡಿತಕ್ಕೆ ಒಪ್ಪಿಸಿ, ಅಲ್ಲಿನ ಉಪ್ಪುಗಾರರ ಬದುಕನ್ನು ಬಿಗಿಗೊಳಿಸಿತು. ಮುರ್ಮಗೋವಾ ಬಂದರಿನಿಂದ ಘಟ್ಟದ ಮೇಲಿನ ಹತ್ತಿಯ ಸೀಮೆಗೆ ರೈಲುಮಾರ್ಗ ನಿರ್ಮಿಸಲು ಅವಕಾಶವಾದದ್ದೂ ಅದೇ ಒಪ್ಪಂದದಿಂದ.

1888ರಲ್ಲಿ ಈ ಮೀಟರ್ ಗೇಜ್ ಮಾರ್ಗವು ಇಂದಿನ ಜೊಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್ ತಲುಪಿತು. ಅಲ್ಲಿಂದ ಗೋವಾದ ಕುಳೆಂವರೆಗಿನ ಇಳಿಜಾರು 37 ಅಡಿಗೆ ಒಂದು ಅಡಿಯಷ್ಟು ಕಡಿದಾಗಿರುವುದರಿಂದ, ಏರುವ ಗಾಡಿಗಳನ್ನು ಹಿಂದಿನಿಂದ ತಳ್ಳಲು ‘ಬ್ಯಾಂಕರ್’ ಎಂಬ ಹೆಚ್ಚುವರಿ ಎಂಜಿನ್‌ಗಳನ್ನು ಇಂದಿಗೂ ಜೋಡಿಸಲಾಗುತ್ತದೆ. ಜಲಪಾತದ ನಡುಮಟ್ಟದಲ್ಲೇ ಕಲ್ಲಿನ ಕಮಾನುಗಳ ಸೇತುವೆಯೊಂದು ಹಾದುಹೋಗಿದ್ದು, ಆಷಾಢ–ಶ್ರಾವಣದಲ್ಲಿ ಹಾಲಿನಂತೆ ನೊರೆಗಟ್ಟಿದ ನೀರು ಕಮಾನುಗಳಡಿ ನುಗ್ಗುವಾಗ ಅದರ ತುಂತುರು ಬೋಗಿಯ ಕಿಟಕಿಯೊಳಗೂ ಸಿಡಿಯುತ್ತದೆ.

ಪೋರ್ಚುಗೀಸರ ಆಳ್ವಿಕೆ ಇರುವವರೆಗೆ ಈ ನೋಟ ಗಡಿ ತಪಾಸಣೆಯ ಆಚೆಗಿತ್ತು: ಕ್ಯಾಸಲ್‌ರಾಕ್‌ನಲ್ಲಿ ಪ್ರಯಾಣಿಕರ ಸಾಮಾನುಗಳ ತಪಾಸಣೆ ನಡೆಯುತ್ತಿತ್ತು, 1955ರಲ್ಲಿ ಗಡಿ ದಾಟುವ ರೈಲು ಸಂಚಾರವೇ ನಿಂತಿತು, 1961ರಲ್ಲಿ ಗೋವಾ ವಿಮೋಚನೆಗೊಂಡ ಬಳಿಕವಷ್ಟೇ ದಾರಿ ಮತ್ತೆ ತೆರೆಯಿತು. 1990ರ ದಶಕದಲ್ಲಿ ಮಾರ್ಗವು ಬ್ರಾಡ್ ಗೇಜ್ ಆಯಿತು.

ಹುಬ್ಬಳ್ಳಿ, ಬೆಂಗಳೂರುಗಳ ಚಾರಣಿಗರು ಕ್ಯಾಸಲ್‌ರಾಕ್‌ನಲ್ಲಿ ಇಳಿದು ಹಳಿಗುಂಟ ನಡೆಯುವ ಪರಿಪಾಠ ಬೆಳೆದದ್ದು ಆಮೇಲೆ. ಸುರಂಗಗಳ ನಡುವಿನ ಆ ನಡಿಗೆ ಪ್ರಾಣಾಪಾಯದ್ದಾದ್ದರಿಂದ ರೈಲ್ವೆ ಅದನ್ನು ನಿಷೇಧಿಸಿದ್ದು ಸರಿಯಾದ ಕ್ರಮ. ಕುಳೆಂನಿಂದ ಭಗವಾನ್ ಮಹಾವೀರ ಅಭಯಾರಣ್ಯದ ತೊರೆಗಳನ್ನು ದಾಟಿ ಬುಡಕ್ಕೆ ಕರೆದೊಯ್ಯುವ ಜೀಪುಗಳು ಮಳೆಗಾಲದಲ್ಲಿ ನಿಲ್ಲುವುದರಿಂದ, ಅವುಗಳಲ್ಲಿ ಬಂದವರಿಗೆ ದಕ್ಕುವುದು ಮಳೆ ಇಳಿದ ಮೇಲಿನ ಜಲಪಾತ. ತುಂಬಿ ಸುರಿಯುವ ದೂಧ್‌ಸಾಗರ ಕೆಲವೇ ಕ್ಷಣಗಳ ಮಟ್ಟಿಗಾದರೂ ಸಿಗುವುದು ರೈಲಿನ ಕಿಟಕಿಯಲ್ಲಿ ಕುಳಿತವರಿಗೆ.

ಸರಕಿನ ಒತ್ತಡ ಮಾತ್ರ ಇಂದಿಗೂ ತಗ್ಗಿಲ್ಲ. ಮುರ್ಮಗೋವಾದಲ್ಲಿ ಇಳಿಯುವ ಕಲ್ಲಿದ್ದಲು ಇದೇ ಘಟ್ಟವೇರಿ ಬಳ್ಳಾರಿ ಭಾಗದ ಉಕ್ಕಿನ ಕಾರ್ಖಾನೆಗಳಿಗೆ ಸಾಗುತ್ತದೆ. ಕ್ಯಾಸಲ್‌ರಾಕ್–ಕುಳೆಂ ನಡುವೆ ಜೋಡಿಹಳಿ ಹಾಕಲು ರಾಷ್ಟ್ರೀಯ ವನ್ಯಜೀವಿ ಮಂಡಳಿ ನೀಡಿದ್ದ ಒಪ್ಪಿಗೆಯನ್ನು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ರದ್ದುಪಡಿಸಿದ್ದು, ಕಮರಿಯ ಕಾಡಿಗೆ ಸಂದ ನ್ಯಾಯ.