ಇ-ಟ್ರಕ್‌ಗೆ 9.6 ಲಕ್ಷ ಸಬ್ಸಿಡಿ: ರೊಕ್ಕ ಯಾರ ಕೈಗೆ, ಷರತ್ತು ಏನು?

ದಿಗ್ಗೇವಾಡಿ: ಕಬ್ಬಿನ ಸೀಸನ್ ಬಂತಂದ್ರೆ ರಾಯಬಾಗ, ಕಾಗವಾಡ ಕಡೆಯ ರಸ್ತೆಗಳಲ್ಲಿ ಡೀಸೆಲ್ ಲಾರಿ, ಟ್ರ್ಯಾಕ್ಟರ್‌ಗಳದ್ದೇ ದರ್ಬಾರು. ‘ಹೊಸ ಲಾರಿ ತಗೊಂಡ್ರ ಸರ್ಕಾರ 9.6 ಲಕ್ಷ ಕೊಡ್ತೈತಿ’ ಅಂತ ಯಾರಾದರೂ ಹೇಳಿದರೆ ಅದು ಅರ್ಧ ಮಾತ್ರ ನಿಜ.

ಈ ಸಬ್ಸಿಡಿ ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯದು. ಒಟ್ಟು 10,900 ಕೋಟಿ ರೂಪಾಯಿಯಲ್ಲಿ ಟ್ರಕ್‌ಗೆ ಇಟ್ಟಿದ್ದು 500 ಕೋಟಿ. ಕೇಂದ್ರ ಬೃಹತ್ ಕೈಗಾರಿಕೆ ಸಚಿವ ಎಚ್.ಡಿ. ಕುಮಾರಸ್ವಾಮಿ 2025ರ ಜುಲೈನಲ್ಲಿ ಇದಕ್ಕೆ ಚಾಲನೆ ನೀಡಿದರು. ಇಡೀ ದೇಶಕ್ಕೆ ಸುಮಾರು 5,600 ಗಾಡಿಗಳ ಲೆಕ್ಕ, ಅದರಲ್ಲಿ 1,100 ದೆಹಲಿಗೇ. ಎಲ್ಲವೂ ಕರೆಂಟಿನ ಗಾಡಿಗಳೇ. ಡೀಸೆಲ್ ಲಾರಿಗೆ ಒಂದು ಪೈಸೆಯೂ ಇಲ್ಲ.

ಬ್ಯಾಟರಿಯ ಪ್ರತಿ ಕಿಲೋವ್ಯಾಟ್ ಅವರ್‌ಗೆ 5,000 ರೂ. ಅಥವಾ ಗಾಡಿಯ ಫ್ಯಾಕ್ಟರಿ ಬೆಲೆಯ ಶೇ 10, ಇವೆರಡರಲ್ಲಿ ಯಾವುದು ಕಡಿಮೆಯೋ ಅದು ಸಿಗುತ್ತದೆ. ಉದಾಹರಣೆಗೆ ಬ್ಯಾಟರಿ 200 ಕಿಲೋವ್ಯಾಟ್ ಅವರ್ ಇದ್ದರೆ 10 ಲಕ್ಷ, ಆದರೆ ಗಾಡಿ ಬೆಲೆ 80 ಲಕ್ಷ ಇದ್ದರೆ ಕೈಗೆ ಬರುವುದು 8 ಲಕ್ಷವೇ. 9.6 ಲಕ್ಷ ಅನ್ನೋದು ದೊಡ್ಡ ಗಾಡಿಯ ಗರಿಷ್ಠ ಮಿತಿ. ರೊಕ್ಕ ಮಾಲೀಕನ ಖಾತೆಗೆ ಬರಲ್ಲ. ಬಿಲ್ಲಿನಲ್ಲೇ ಕಡಿತ ಮಾಡಿ, ಕಂಪನಿ ಆಮೇಲೆ ಸರ್ಕಾರದಿಂದ ವಸೂಲು ಮಾಡಿಕೊಳ್ಳುತ್ತದೆ. ಇನ್ನೊಂದು ಷರತ್ತೂ ಇದೆ: ಹಳೇ ಟ್ರಕ್ ಗುಜರಿಗೆ ಹಾಕಿದ ಸರ್ಟಿಫಿಕೇಟ್ ಕಡ್ಡಾಯ.

ಕಂಪನಿಗೂ ಷರತ್ತು ತಪ್ಪಿದ್ದಲ್ಲ. ಬ್ಯಾಟರಿ ಪ್ಯಾಕ್‌ನಂಥ ಭಾಗಗಳನ್ನು ದೇಶದಲ್ಲೇ ಜೋಡಿಸಬೇಕು, ಒಳಗಿನ ಸೆಲ್ ಹೊರಗಿನಿಂದ ತಂದರೆ ನಡೆಯುತ್ತದೆ. ಇದರ ಜತೆಗಿರುವ 25,938 ಕೋಟಿಯ ಪಿಎಲ್‌ಐ ಯೋಜನೆ ಇನ್ನೂ ಬಿಗಿ. ಅದರಲ್ಲಿ 100 ರೂಪಾಯಿಗೆ ಮಾರುವ ಗಾಡಿಯಲ್ಲಿ ಕನಿಷ್ಠ 50 ರೂಪಾಯಿ ಮೌಲ್ಯ ಇಲ್ಲೇ ಹುಟ್ಟಿರಬೇಕು. ಸ್ವದೇಶಿ ಅಂದರೂ ಅರ್ಧ ಹೊರಗಿಂದು ಇರಬಹುದು ಅಂತಲೇ ಅರ್ಥ!

ಬೆಳಗಾವಿ, ಕೊಲ್ಹಾಪುರದ ಫೌಂಡ್ರಿಗಳು ಯೋಚಿಸಬೇಕಾದ್ದು ಇಲ್ಲಿಯೇ. ಕರೆಂಟಿನ ಗಾಡಿಗೆ ಎಂಜಿನ್ ಬ್ಲಾಕ್ ಬೇಡ, ಪಿಸ್ಟನ್ ಬೇಡ, ಸೈಲೆನ್ಸರ್ ಬೇಡ. ಹಬ್, ಬ್ರೇಕ್, ಆಕ್ಸಲ್ ಮಾತ್ರ ಬೇಕೇ ಬೇಕು. ಸ್ಪೇರ್ ಪಾರ್ಟ್ಸ್ ಅಂಗಡಿಯವರ ರ್‍ಯಾಕೂ ಮುಂದೆ ಹಾಗೇ ಬದಲಾಗಬೇಕಾದೀತು.

ಸದ್ಯಕ್ಕೆ ನಮ್ಮ ಕಡೆಯ ಡೀಸೆಲ್ ಮಾಲೀಕರಿಗೆ ಆಗಿರುವ ಲಾಭ ಜಿಎಸ್‌ಟಿಯದು. 2025ರ ಸೆಪ್ಟೆಂಬರ್ 22ರಿಂದ ಟ್ರಕ್ ತೆರಿಗೆ ಶೇ 28ರಿಂದ 18ಕ್ಕೆ, ಟ್ರ್ಯಾಕ್ಟರ್‌ದು 12ರಿಂದ 5ಕ್ಕೆ ಇಳಿದಿದೆ. ವಾಹನ ಬಿಡಿಭಾಗಗಳೂ ಶೇ 18ಕ್ಕೆ ಬಂದಿವೆ. ಪಾರ್ಟ್ಸ್ ಬಿಲ್ಲಿನಲ್ಲಿ ಇನ್ನೂ ಶೇ 28 ಕಂಡರೆ ಅಂಗಡಿಯಲ್ಲೇ ಕೇಳಿ ಸರಿ ಮಾಡಿಸಿಕೊಳ್ಳಿ.